ಅಪ್ಪ-ಅಮ್ಮನ ಪ್ರೀಮಿಯಂ 42 ಸಾವಿರದಿಂದ 72 ಸಾವಿರ: ಆಫೀಸ್ ಮೆಡಿಕ್ಲೇಮ್‌ನಲ್ಲಿ ಯಾವ ಪ್ಲ್ಯಾನ್ ಹಿಡಿಯೋದು?

ಬೆಣ್ಣೆದೋಸೆ

ಕಂಪನಿಯ ಗ್ರೂಪ್ ಮೆಡಿಕ್ಲೇಮ್ ರಿನ್ಯೂವಲ್ ಬಂದಿದೆ. ಪೋರ್ಟಲ್ ಇನ್ನು ಒಂಬತ್ತು ದಿನ ತೆರೆದಿರುತ್ತದೆ, ಆಮೇಲೆ ವರ್ಷಪೂರ್ತಿ ಬದಲಾಯಿಸುವಂತಿಲ್ಲ. ನನಗೆ, ಹೆಂಡತಿಗೆ, ಮಗುವಿಗೆ 5 ಲಕ್ಷದ ಕವರ್ ಕಂಪನಿಯದ್ದೇ, ಅದರಲ್ಲಿ ತಕರಾರಿಲ್ಲ. ತಲೆನೋವು ಅಪ್ಪ-ಅಮ್ಮನ ಕವರ್‌ನದ್ದು, ಅದರ ಪ್ರೀಮಿಯಂ ನಮ್ಮ ಸಂಬಳದಿಂದ ಕಟ್ ಆಗುತ್ತದೆ. ಹೋದ ವರ್ಷ 5 ಲಕ್ಷ, ಕೋ-ಪೇ (ಒಪ್ಪಿದ ಬಿಲ್ಲಿನಲ್ಲಿ ನಾವೇ ಕಟ್ಟಬೇಕಾದ ಪಾಲು) ಇಲ್ಲ, ಜಿಎಸ್‌ಟಿ ಸೇರಿ 42,480 ರೂಪಾಯಿ ಇತ್ತು. ಈ ವರ್ಷದ ಆಯ್ಕೆ ಹೀಗಿವೆ:

ಎ – 3 ಲಕ್ಷ. ರೂಮ್ ರೆಂಟ್ ದಿನಕ್ಕೆ ವಿಮಾ ಮೊತ್ತದ ಶೇ 1, ಅಂದರೆ 3,000. ಕೋ-ಪೇ ಶೇ 20. ಜಿಎಸ್‌ಟಿ ಸೇರಿ 44,840.

ಬಿ – 5 ಲಕ್ಷ. ಸಿಂಗಲ್ ಪ್ರೈವೇಟ್ ರೂಮ್, ಬಾಡಿಗೆಗೆ ಮಿತಿ ಹಾಕಿಲ್ಲ. ಕೋ-ಪೇ ಶೇ 10. ಜಿಎಸ್‌ಟಿ ಸೇರಿ 71,980.

ಯಾವುದರ ಮೇಲಾದರೂ 5 ಲಕ್ಷದ ಟಾಪ್-ಅಪ್ (ಹೆಚ್ಚುವರಿ ಕವರ್) ಬೇಕೆಂದರೆ ಇನ್ನೂ 10,620.

ಅಪ್ಪನಿಗೆ 68, ಶುಗರ್ ಮತ್ತು ಬಿಪಿ. ಅಮ್ಮನಿಗೆ 63, ಮಂಡಿ ನೋವು. ಇಬ್ಬರೂ ಇರುವುದು ದಾವಣಗೆರೆಯಲ್ಲಿ, ದೊಡ್ಡ ಚಿಕಿತ್ಸೆ ಅಂದರೆ ಬೆಂಗಳೂರಿಗೇ ಬರಬೇಕು. ಎ, ಬಿ, ಅಥವಾ ಎರಡನ್ನೂ ಬಿಟ್ಟು ಹೊರಗಡೆ ಪಾಲಿಸಿ ತೆಗೆಯೋದಾ?

ಸುಮ್ನೆಓದುಗ

72 ಸಾವಿರ ಕಟ್ಟೋ ಬದಲು ಅದನ್ನೇ ಎಫ್‌ಡಿ ಮಾಡಿ ಇಟ್ಕೊಳ್ಳಿ ಗುರು. ಆಸ್ಪತ್ರೆಗೆ ಹೋದ್ರೆ ಅದರಿಂದ ಕೊಡಿ, ಹೋಗ್ಲಿಲ್ಲ ಅಂದ್ರೆ ದುಡ್ಡು ನಿಮ್ಮದೇ.

ಕ್ಲೇಮ್‌ಕಣ್ಣು

ಆ ಲೆಕ್ಕ ಮೂವತ್ತರ ವಯಸ್ಸಿಗೆ ಸರಿ. 68ಕ್ಕೆ, ಅದೂ ಶುಗರ್ ಜೊತೆ, ಎಫ್‌ಡಿ ಬೆಳೆಯುವ ಮೊದಲೇ ಒಂದು ಆಂಜಿಯೋಪ್ಲಾಸ್ಟಿ ಬರಬಹುದು.

ಬೆಣ್ಣೆದೋಸೆ ಅವರೇ, ವಿಮಾ ಮೊತ್ತ, ಪ್ರೀಮಿಯಂ ಎರಡನ್ನೂ ಸದ್ಯ ಪಕ್ಕಕ್ಕಿಡಿ. ಮೊದಲು ನೋಡಬೇಕಾದ್ದು ರೂಮ್ ರೆಂಟಿನ ಸಾಲು, ಏಕೆಂದರೆ ಎ ಪ್ಲ್ಯಾನ್‌ನಲ್ಲಿ ದುಡ್ಡು ಸೋರುವುದೇ ಅಲ್ಲಿ. ಮಿತಿ 3,000 ಇದ್ದು ನೀವು 6,000ದ ರೂಮ್ ಹಿಡಿದರೆ ಕಳೆಯುವುದು ಬರೀ 3,000 ಅಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ಅನಸ್ತೇಶಿಯಾ, ವಿಸಿಟ್ ಚಾರ್ಜ್ ಎಲ್ಲವನ್ನೂ ಅದೇ ಅನುಪಾತದಲ್ಲಿ ಕಡಿತ ಮಾಡುತ್ತಾರೆ. ಕಾರಣ ಇಷ್ಟೆ: ಹೆಚ್ಚಿನ ಆಸ್ಪತ್ರೆಗಳಲ್ಲಿ ರೂಮ್ ದುಬಾರಿಯಾದಂತೆ ಅದೇ ಸರ್ಜನ್, ಅದೇ ಥಿಯೇಟರ್ ಕೂಡ ದುಬಾರಿಯಾಗುತ್ತದೆ.

ಔಷಧಿ, ಇಂಪ್ಲಾಂಟ್, ಲ್ಯಾಬ್ ಮತ್ತು ಸ್ಕ್ಯಾನಿಂಗ್‌ಗೆ ಈ ಅನುಪಾತ ಹಾಕುವಂತಿಲ್ಲ. ಐಸಿಯು ಚಾರ್ಜಿಗೂ ಹಾಕುವಂತಿಲ್ಲ. ರೂಮಿಗೆ ತಕ್ಕಂತೆ ರೇಟು ಬದಲಾಯಿಸದ ಆಸ್ಪತ್ರೆಯಲ್ಲಂತೂ ಈ ಕಡಿತವೇ ಇಲ್ಲ. ಇದು ವಿಮಾ ನಿಯಂತ್ರಕ ಐಆರ್‌ಡಿಎಐ 2020ರಲ್ಲೇ ಹೇಳಿದ್ದು. ಸೆಟಲ್‌ಮೆಂಟ್ ಪತ್ರದಲ್ಲಿ ಸ್ಟೆಂಟಿನ ಬೆಲೆಗೂ ಅನುಪಾತ ಹಾಕಿದ್ದು ಕಂಡರೆ ಬಿಡಬೇಡಿ, ಬರೆದು ಕೇಳಿ.

ಅಂಕಿಯಲ್ಲಿ ನೋಡೋಣ. ನಾಲ್ಕು ದಿನದ ಅಡ್ಮಿಷನ್, ರೂಮ್ ದಿನಕ್ಕೆ 6,000:

ರೂಮ್ 24,000
ಸರ್ಜನ್, ಥಿಯೇಟರ್, ಅನಸ್ತೇಶಿಯಾ, ವಿಸಿಟ್ 1,20,000
ಔಷಧಿ, ಇಂಪ್ಲಾಂಟ್ 80,000
ಟೆಸ್ಟ್, ಸ್ಕ್ಯಾನ್ 16,000
ಗ್ಲೌಸ್, ಪಿಪಿಇ, ಅಡ್ಮಿಷನ್ ಫೀ ಥರದ, ವಿಮೆಯವರು ಕೊಡದ ಬಾಬ್ತು 10,000
ಒಟ್ಟು 2,50,000

ಎ ಪ್ಲ್ಯಾನ್: ರೂಮಿಗೆ 12,000, ಸರ್ಜನ್ ಬಾಬ್ತಿಗೆ ಅರ್ಧ ಅಂದರೆ 60,000, ಔಷಧಿ 80,000, ಟೆಸ್ಟ್ 16,000. ಒಪ್ಪಿದ ಮೊತ್ತ 1,68,000. ಅದರಲ್ಲಿ ಶೇ 20 ಕೋ-ಪೇ 33,600 ಹೋಗಿ ಬರುವುದು 1,34,400. ನಿಮ್ಮ ಕೈಯಿಂದ 1,15,600.

ಬಿ ಪ್ಲ್ಯಾನ್: ಒಪ್ಪಿದ ಮೊತ್ತ 2,40,000, ಕೋ-ಪೇ 24,000, ಕೊಡದ ಬಾಬ್ತು 10,000. ಕೈಯಿಂದ 34,000.

ಒಂದೇ ಅಡ್ಮಿಷನ್‌ಗೆ 81,600 ವ್ಯತ್ಯಾಸ. ಪ್ರೀಮಿಯಂ ವ್ಯತ್ಯಾಸ ವರ್ಷಕ್ಕೆ 27,140. ಮೂರು ವರ್ಷಕ್ಕೊಂದು ದೊಡ್ಡ ಅಡ್ಮಿಷನ್ ಆದರೂ ಬಿ ಸಮ ಆಗುತ್ತದೆ.

ಲೆಕ್ಕದಪುಸ್ತಕ

ಲೆಕ್ಕ ಸರಿ, ಆದರೆ ಎ ಹಿಡಿದವರು 6,000ದ ರೂಮಿಗೆ ಯಾಕೆ ಹೋಗಬೇಕು? ಟ್ವಿನ್ ಶೇರಿಂಗ್ 3,000ಕ್ಕೆ ಸಿಕ್ಕಿತು ಅಂತಿಟ್ಟುಕೊಳ್ಳಿ, ಆ ವರ್ಗದಲ್ಲಿ ಸರ್ಜನ್ ಬಾಬ್ತು 95,000ಕ್ಕೆ ಇಳಿಯಿತು ಅಂತಲೂ ಇಟ್ಟುಕೊಳ್ಳಿ. ಆಗ ಒಪ್ಪುವ ಮೊತ್ತ 12,000 + 95,000 + 80,000 + 16,000 = 2,03,000. ಎ ಆದರೆ ಕೋ-ಪೇ 40,600, ಕೊಡದ ಬಾಬ್ತು ಸೇರಿ 50,600 ಕೈಯಿಂದ. ಬಿ ಆದರೆ 30,300. ವ್ಯತ್ಯಾಸ ಬರೀ 20,300, ಪ್ರೀಮಿಯಂ ವ್ಯತ್ಯಾಸಕ್ಕಿಂತ ಕಮ್ಮಿ. ಅಂದರೆ ರೂಮ್ ವಿಷಯದಲ್ಲಿ ಗಟ್ಟಿ ಇರುವವರಿಗೆ, ಬಿಲ್ 3 ಲಕ್ಷದ ಒಳಗಿರುವವರೆಗೆ, ಎ ಅಗ್ಗ.

ಕ್ಲೇಮ್‌ಕಣ್ಣು

ಒಪ್ಪಿದೆ. ಎರಡು ಷರತ್ತು ಮಾತ್ರ. ಮೊದಲನೆಯದು, ಬೆಂಗಳೂರಿನ ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ 3,000ಕ್ಕೆ ಹುಡುಕುತ್ತಾ ಹೋದರೆ ಜನರಲ್ ವಾರ್ಡಿಗೇ ಬಂದು ನಿಲ್ಲಬೇಕಾಗಬಹುದು. ದಾವಣಗೆರೆ, ಹಾಸನ, ಶಿವಮೊಗ್ಗದ ಕಡೆ ಆ ಮಿತಿಯಲ್ಲಿ ನಿಭಾಯಿಸುವುದು ಸುಲಭ. ಎರಡನೆಯದು, ರಾತ್ರಿ ಎರಡು ಗಂಟೆಗೆ ಎದೆನೋವು ಅಂತ ಹೋದಾಗ ಟ್ವಿನ್ ಶೇರಿಂಗ್ ಖಾಲಿ ಇರುವುದಿಲ್ಲ, ಯಾವುದು ಖಾಲಿಯೋ ಅದಕ್ಕೆ ಹಾಕುತ್ತಾರೆ. ಆಗ "ಅರ್ಹ ವರ್ಗದ ಬೆಡ್ ಲಭ್ಯವಿರಲಿಲ್ಲ" ಎಂದು ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ, ದಿನಾಂಕ ಮತ್ತು ಸೀಲ್ ಸಮೇತ ಬರೆಸಿಕೊಳ್ಳಿ. ಬೆಡ್ ಖಾಲಿಯಾದ ದಿನವೇ ಬದಲಾಯಿಸಿಕೊಳ್ಳಿ. ಪತ್ರ ಇದ್ದರೆ ಕಡಿತ ಬಿಟ್ಟೇ ಬಿಡುತ್ತಾರೆ ಎಂದು ಹೇಳಲಾರೆ, ಆದರೆ ಅದಿಲ್ಲದೆ ವಾದಕ್ಕೆ ಕಾಲೇ ಇರುವುದಿಲ್ಲ.

ಇನ್ನೊಂದು ಸಣ್ಣ ಅಕ್ಷರದ ವಿಷಯ: 3,000 ಬರೀ ರೂಮಿಗೋ, ನರ್ಸಿಂಗ್ ಚಾರ್ಜ್ ಸೇರಿಯೋ? ರೂಮ್ 2,600, ನರ್ಸಿಂಗ್ 700 ಇದ್ದು ಎರಡೂ ಸೇರಿ ಅಂತ ಪಾಲಿಸಿಯಲ್ಲಿದ್ದರೆ 3,300 ಆಯಿತು, ಮಿತಿ ದಾಟಿತು, ಅನುಪಾತ ಶುರು.

ತುಂಗೆಯಾಚೆ

ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್ ಕಡೆಯಿಂದ ಒಂದಷ್ಟು.

ಬಿ ಪ್ಲ್ಯಾನ್‌ನ "ಸಿಂಗಲ್ ಪ್ರೈವೇಟ್" ಅನ್ನುವ ಪದವನ್ನು ನಂಬಿ ಡೀಲಕ್ಸ್ ಹಿಡಿಯಬೇಡಿ. ಆಸ್ಪತ್ರೆಯಲ್ಲಿ ಒಬ್ಬರೇ ಇರುವ ರೂಮ್ ಮೂರ್ನಾಲ್ಕು ಹೆಸರಿನಲ್ಲಿರುತ್ತದೆ: ಪ್ರೈವೇಟ್, ಡೀಲಕ್ಸ್, ಸೂಟ್. ಟಿಪಿಎ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಒಪ್ಪುವುದು ಅವುಗಳಲ್ಲಿ ಎಲ್ಲಕ್ಕಿಂತ ಕೆಳಗಿನ ರೇಟನ್ನು. ಕೌಂಟರಿನಲ್ಲಿ "ಇನ್ಶೂರೆನ್ಸ್ ಇದೆಯಾ? ಹಾಗಾದ್ರೆ ಡೀಲಕ್ಸ್ ಕೊಡ್ತೀವಿ" ಅಂದರೆ ಅಲ್ಲೇ ನಿಂತು "ಬೇಸಿಕ್ ಸಿಂಗಲ್ ರೂಮಿನ ರೇಟು ಎಷ್ಟು?" ಎಂದು ಕೇಳಿ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆ ಪ್ರಕಾರ ಖಾಸಗಿ ಆಸ್ಪತ್ರೆ ದರಪಟ್ಟಿ ಪ್ರದರ್ಶಿಸಬೇಕು, ಕೇಳಲು ಸಂಕೋಚ ಬೇಡ.

ದಾವಣಗೆರೆ ಅಂದಿರಿ. ನೆಟ್‌ವರ್ಕ್ ಪಟ್ಟಿಯನ್ನು (ವಿಮೆಯವರ ಜೊತೆ ಒಪ್ಪಂದವಿರುವ ಆಸ್ಪತ್ರೆಗಳು) ಟಿಪಿಎ ಆ್ಯಪ್‌ನಲ್ಲಿ ಅಲ್ಲಿನ ಪಿನ್‌ಕೋಡ್ ಹಾಕಿ ಹುಡುಕಿ. ಕಂಪನಿ ಮೇಲ್‌ನಲ್ಲಿ ಬರುವ "ಸಾವಿರಾರು ಆಸ್ಪತ್ರೆ" ಅನ್ನುವ ಮಾತಿನಿಂದ ನಿಮಗೆ ಏನೂ ಗೊತ್ತಾಗದು. ಅಪ್ಪ ಈಗ ತೋರಿಸುವ ಹೃದಯದ ಡಾಕ್ಟರು, ಅಮ್ಮ ತೋರಿಸುವ ಮೂಳೆ ಡಾಕ್ಟರು ಇರುವ ಆಸ್ಪತ್ರೆ ಪಟ್ಟಿಯಲ್ಲಿದೆಯೇ ನೋಡಿ, ಆಮೇಲೆ ಆಸ್ಪತ್ರೆಗೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ, ಪಟ್ಟಿ ಹಳತಾಗಿರುವುದು ಮಾಮೂಲು. ಅಲ್ಲೇ "ಎಕ್ಸ್‌ಕ್ಲೂಡೆಡ್ ಆಸ್ಪತ್ರೆ" ಅಂತ ಇನ್ನೊಂದು ಪಟ್ಟಿ ಇರುತ್ತದೆ. ಅದರಲ್ಲಿರುವ ಕಡೆ ಯೋಜಿತ ಚಿಕಿತ್ಸೆಗೆ ಹೋದರೆ ಬಿಲ್ ಕೊಟ್ಟು ಆಮೇಲೆ ಕ್ಲೇಮ್ ಮಾಡಿದರೂ ದುಡ್ಡು ಬರದು.

ನೆಟ್‌ವರ್ಕ್ ಇಲ್ಲದಿದ್ದರೂ ಕ್ಯಾಶ್‌ಲೆಸ್, ಅಂದರೆ ಬಿಲ್ಲನ್ನು ವಿಮೆಯವರೇ ನೇರ ಆಸ್ಪತ್ರೆಗೆ ಕಟ್ಟುವುದನ್ನು, ಕೇಳಬಹುದು. ಜನರಲ್ ಇನ್ಶೂರೆನ್ಸ್ ಕೌನ್ಸಿಲ್ 2024ರ ಜನವರಿಯಲ್ಲಿ ಆ ವ್ಯವಸ್ಥೆ ತಂದಿದೆ: ಯೋಜಿತ ಅಡ್ಮಿಷನ್ ಆದರೆ 48 ಗಂಟೆ ಮೊದಲು, ತುರ್ತಾದರೆ ಸೇರಿದ 48 ಗಂಟೆಯೊಳಗೆ ತಿಳಿಸಬೇಕು. ಆಸ್ಪತ್ರೆಯೂ ಒಪ್ಪಬೇಕು ಅನ್ನುವುದು ಅದರಲ್ಲಿರುವ ತೊಡಕು.

ಬೆಣ್ಣೆದೋಸೆ

ಧನ್ಯವಾದ ಮೇಡಂ. ಒಂದು ಅರ್ಥವಾಗದ್ದು: ಒಂದೇ ವರ್ಷಕ್ಕೆ ಇಷ್ಟು ಏರುವುದು ಹೇಗೆ? ನಾವು ಒಂದು ಕ್ಲೇಮ್ ಕೂಡ ಮಾಡಿಲ್ಲ.

ಎಚ್‌ಆರ್‌ಮೇಜು

ನೀವು ಮಾಡಿಲ್ಲ, ಗುಂಪು ಮಾಡಿದೆ. ಗ್ರೂಪ್ ಪಾಲಿಸಿಯಲ್ಲಿ ಬೆಲೆ ಕಟ್ಟುವುದು ಒಬ್ಬೊಬ್ಬರ ಆರೋಗ್ಯ ನೋಡಿ ಅಲ್ಲ, ಇಡೀ ಗುಂಪಿನ ಕ್ಲೇಮ್ ನೋಡಿ. ಒಂದು ಕಲ್ಪಿತ ಲೆಕ್ಕ ಹಾಕೋಣ.

150 ಕುಟುಂಬ, ಜಿಎಸ್‌ಟಿ ಬಿಟ್ಟು ತಲಾ 36,000. ಒಟ್ಟು ಪ್ರೀಮಿಯಂ 54 ಲಕ್ಷ. ಆ ವರ್ಷದ ಕ್ಲೇಮ್ 68 ಲಕ್ಷ. ಅಂದರೆ ನೂರು ರೂಪಾಯಿ ತೆಗೆದುಕೊಂಡು 126 ಕೊಟ್ಟಂತಾಯಿತು. ರಿನ್ಯೂವಲ್ ವೇಳೆ ಇನ್ಶೂರೆನ್ಸ್ ಕಂಪನಿ ಈ 68ಕ್ಕೆ ಆಸ್ಪತ್ರೆ ದರ ಏರಿಕೆ ಅಂತ ಶೇ 10 ಸೇರಿಸಿತು: 74.8 ಲಕ್ಷ. ಪ್ರೀಮಿಯಂನ ಶೇ 85ರೊಳಗೆ ಕ್ಲೇಮ್ ಇರಬೇಕು, ಉಳಿದದ್ದು ಖರ್ಚು, ಕಮಿಷನ್ ಅಂದುಕೊಂಡರೆ 74.8 ಭಾಗಿಸು 0.85, ಅಂದರೆ 88 ಲಕ್ಷ. 150 ಮನೆಗೆ ಹಂಚಿದರೆ ಹತ್ತಿರತ್ತಿರ 58,700, ಮೇಲೆ ಶೇ 18 ಜಿಎಸ್‌ಟಿ.

ಈಗ ಬೆಲೆ ನೋಡಿ ಆರೋಗ್ಯವಂತ ತಂದೆ-ತಾಯಿ ಇರುವ 40 ಮಂದಿ ಬಿಟ್ಟರು ಅನ್ನಿ. ಅವರು ಕ್ಲೇಮ್ ಮಾಡುತ್ತಲೇ ಇರಲಿಲ್ಲವಾದ್ದರಿಂದ 88 ಲಕ್ಷ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. 110 ಮನೆಗೆ ಹಂಚಿದರೆ ತಲಾ 80,000, ಜಿಎಸ್‌ಟಿ ಸೇರಿ 94,400. ಮುಂದಿನ ವರ್ಷ ಇನ್ನೊಂದಿಷ್ಟು ಜನ ಬಿಡುತ್ತಾರೆ. ಇಷ್ಟ ಇದ್ದವರು ಮಾತ್ರ ಸೇರುವ ಪೇರೆಂಟ್ ಪಾಲಿಸಿಗಳೆಲ್ಲ ಕ್ರಮೇಣ ಕಾಯಿಲೆಯವರ ಗುಂಪಾಗಿಬಿಡುವುದು ಹೀಗೆ. ಕೋ-ಪೇ, ರೂಮ್ ಮಿತಿ, ಕಾಯಿಲೆವಾರು ಮಿತಿ ತುರುಕುವುದೆಲ್ಲ ಈ ಸುಳಿ ನಿಧಾನ ಮಾಡುವ ಪ್ರಯತ್ನ.

ಆದ್ದರಿಂದ ಈ ವರ್ಷ ಬಿ ಹಿಡಿದರೂ ಮುಂದಿನ ವರ್ಷವೂ 72 ಸಾವಿರವೇ ಇರುತ್ತದೆ ಅಂದುಕೊಳ್ಳಬೇಡಿ.

ಸುಮ್ನೆಓದುಗ

ಹಾಗಾದ್ರೆ ಈ ವರ್ಷ ಬಿಟ್ಟು, ಕಾಯಿಲೆ ಬಂದ ವರ್ಷ ಸೇರ್ಕೊಂಡ್ರೆ ಆಯ್ತಲ್ಲ? ಹೇಗಿದ್ರೂ ಗ್ರೂಪ್‌ನಲ್ಲಿ ಮೊದಲ ದಿನದಿಂದ ಕವರ್.

ಎಚ್‌ಆರ್‌ಮೇಜು

ಎಲ್ಲರೂ ಹೀಗೇ ಯೋಚಿಸುತ್ತಾರೆ ಅಂತ ಇನ್ಶೂರೆನ್ಸ್‌ನವರಿಗೂ ಗೊತ್ತು. ಬಹಳಷ್ಟು ಪಾಲಿಸಿಗಳಲ್ಲಿ ಒಮ್ಮೆ ಬಿಟ್ಟವರನ್ನು ಮರಳಿ ಸೇರಿಸುವುದಿಲ್ಲ, ಅಥವಾ ಎರಡು-ಮೂರು ವರ್ಷದ ಲಾಕ್-ಇನ್ ಇರುತ್ತದೆ. ಬಿಡುವ ಮುಂಚೆ ಆ ಷರತ್ತನ್ನು ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ, ಉತ್ತರ ಮೇಲ್‌ನಲ್ಲೇ ಪಡೆಯಿರಿ.

ಕ್ಲೇಮ್‌ಕಣ್ಣು

ಮೊದಲ ದಿನದಿಂದ ಕವರ್ ಅನ್ನುವುದೇ ಆಫೀಸ್ ಪಾಲಿಸಿಯ ನಿಜವಾದ ಬೆಲೆ. ಹೊರಗಡೆ ಪಾಲಿಸಿ ತೆಗೆದರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೇನೂ ಇಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥವಕ್ಕೆ ಸಾಮಾನ್ಯವಾಗಿ 24 ತಿಂಗಳು ಕಾಯಬೇಕು. ಮೊದಲೇ ಇದ್ದ ಶುಗರ್, ಬಿಪಿ ಮತ್ತು ಅವುಗಳಿಂದ ಬಂದದ್ದಕ್ಕೆ ಗರಿಷ್ಠ 36 ತಿಂಗಳು, 2024ಕ್ಕೆ ಮುಂಚೆ ಅದು 48 ಇತ್ತು. ಬೆಣ್ಣೆದೋಸೆಯವರ ತಂದೆಗೆ ಬರಬಹುದಾದ ತೊಂದರೆಗಳೆಲ್ಲ ಈ ಮೂರು ವರ್ಷದ ಬೇಲಿಯೊಳಗೇ ಬೀಳುತ್ತವೆ. ಹಾಗಾಗಿ ಈ ವರ್ಷ ಆಫೀಸ್ ಕವರ್ ಬಿಡುವ ಮಾತೇ ಬೇಡ.

ಆದರೆ ಕೆಲಸ ಬಿಟ್ಟ ದಿನ, ಅಥವಾ ಕೆಲಸ ಅವರೇ ಬಿಡಿಸಿದ ದಿನ, ಆ ಕವರ್ ಹೋಯಿತು. ಅದಕ್ಕೇ ಬೇಲಿಯ ದಿನಗಳನ್ನು ಈಗಲೇ ಎಣಿಸಲು ಶುರು ಮಾಡಿ: ಆಫೀಸಿನದ್ದು ಇರುವಾಗಲೇ ಪಕ್ಕದಲ್ಲಿ ಸ್ವಂತದ್ದೊಂದು. ಪೂರ್ತಿ ಪಾಲಿಸಿ ದುಬಾರಿಯೆನಿಸಿದರೆ ವರ್ಷದ ಬಿಲ್ 5 ಲಕ್ಷ ದಾಟಿದ ಮೇಲೆ ಕೊಡುವ ಸೂಪರ್ ಟಾಪ್-ಅಪ್. 65 ದಾಟಿದವರಿಗೆ ಪಾಲಿಸಿ ಇಲ್ಲ ಅನ್ನುವ ವಯಸ್ಸಿನ ತಡೆ 2024ರ ಏಪ್ರಿಲ್‌ನಿಂದ ಹೋಗಿದೆ. ಆರೋಗ್ಯ ತಪಾಸಣೆ ಕೇಳುತ್ತಾರೆ, ಪ್ರೀಮಿಯಂ ಮೇಲೆ ಲೋಡಿಂಗ್ (ಹೆಚ್ಚುವರಿ ದರ) ಹಾಕುತ್ತಾರೆ, ಕೆಲವರು ಬೇಡ ಅಂತಲೂ ಅನ್ನುತ್ತಾರೆ. ಮೂರ್ನಾಲ್ಕು ಕಡೆ ಅರ್ಜಿ ಹಾಕುವ ತಾಳ್ಮೆ ಬೇಕು.

ಲೆಕ್ಕದಪುಸ್ತಕ

ಇದಕ್ಕೆ ಒಂದು ಅನುಕೂಲ ಈಗ ಸೇರಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಯಾಮಿಲಿ ಫ್ಲೋಟರ್ (ಮನೆಯವರೆಲ್ಲರಿಗೂ ಸೇರಿ ಒಂದೇ ವಿಮಾ ಮೊತ್ತ) ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಆಫೀಸಿನ ಗ್ರೂಪ್ ಪಾಲಿಸಿಗೆ ಶೇ 18 ಹಾಗೇ ಇದೆ. ನಿಮ್ಮ ಬಿ ಪ್ಲ್ಯಾನ್‌ನ 71,980ರಲ್ಲಿ 10,980 ಜಿಎಸ್‌ಟಿಯೇ. ಹೊರಗಿನ ಪಾಲಿಸಿ ಜೊತೆ ಹೋಲಿಸುವಾಗ ಒಂದರಲ್ಲಿ ತೆರಿಗೆ ಸೇರಿಸಿ ಇನ್ನೊಂದರಲ್ಲಿ ಬಿಡುವ ತಪ್ಪು ಆಗದಿರಲಿ.

ಆದಾಯ ತೆರಿಗೆ: ಹಳೇ ಪದ್ಧತಿಯಲ್ಲಿದ್ದರೆ ತಂದೆ-ತಾಯಿಯ ಪ್ರೀಮಿಯಂಗೆ 80ಡಿ ಅಡಿ 50,000ದವರೆಗೆ ವಿನಾಯಿತಿ, ಇಬ್ಬರಲ್ಲಿ ಒಬ್ಬರು 60 ದಾಟಿದ್ದರೂ ಸಾಕು. ಶೇ 30ರ ಸ್ಲ್ಯಾಬ್‌ನವರಿಗೆ ಸೆಸ್ ಸೇರಿ ಅದು 15,600 ರೂಪಾಯಿ ಉಳಿತಾಯ. ಬಿ ಆದರೆ 71,980ರಲ್ಲಿ 50,000ಕ್ಕೆ ಮಾತ್ರ ಲಾಭ. ಹೊಸ ಪದ್ಧತಿಯವರಿಗೆ ಸೊನ್ನೆ. ಸಂಬಳದಿಂದ ಕಟ್ ಆದ ಪ್ರೀಮಿಯಂ ಫಾರಂ 16ರಲ್ಲಿ ತಾನಾಗಿಯೇ ಬರುವುದಿಲ್ಲ ಎಷ್ಟೋ ಕಡೆ. ಪ್ರೀಮಿಯಂ ಸರ್ಟಿಫಿಕೇಟ್ ಕೇಳಿ ಪಡೆದು ಪ್ರೂಫ್ ಜೊತೆ ಹಾಕಿ.

ಬೆಣ್ಣೆದೋಸೆ

ಟಾಪ್-ಅಪ್ 10,620ಕ್ಕೆ ಅಗ್ಗ ಅನ್ನಿಸುತ್ತಿದೆ. ಎ + ಟಾಪ್-ಅಪ್ ಅಂದರೆ 55,460ಕ್ಕೆ 8 ಲಕ್ಷ ಆಯಿತಲ್ಲ, ಬಿಗಿಂತ ಕಮ್ಮಿಗೆ?

ಕ್ಲೇಮ್‌ಕಣ್ಣು

ಮೂರು ಪ್ರಶ್ನೆ ಕೇಳಿ ಆಮೇಲೆ ಕ್ಲಿಕ್ ಮಾಡಿ.

ಒಂದು, ಅದು ಬರೀ ಟಾಪ್-ಅಪ್ಪೋ, ಸೂಪರ್ ಟಾಪ್-ಅಪ್ಪೋ? ವ್ಯತ್ಯಾಸ ದೊಡ್ಡದು. 5 ಲಕ್ಷ ಡಿಡಕ್ಟಿಬಲ್ (ಅಷ್ಟು ದಾಟಿದ ಮೇಲೆ ಮಾತ್ರ ಕೊಡುವ ಗಡಿ) ಇದೆ, ಒಂದೇ ವರ್ಷದಲ್ಲಿ 4 ಲಕ್ಷದ್ದೊಂದು, 3 ಲಕ್ಷದ್ದೊಂದು ಅಡ್ಮಿಷನ್ ಆಯಿತು ಅಂತಿಟ್ಟುಕೊಳ್ಳಿ. ಟಾಪ್-ಅಪ್ ಪ್ರತಿ ಬಿಲ್ಲನ್ನೂ ಬೇರೆ ಬೇರೆ ನೋಡುತ್ತದೆ, ಎರಡೂ 5ರ ಒಳಗೇ ಇವೆ, ಒಂದು ಪೈಸೆ ಬರದು. ಸೂಪರ್ ಟಾಪ್-ಅಪ್ ವರ್ಷದ ಬಿಲ್ ಕೂಡಿಸುತ್ತದೆ, 7ರಲ್ಲಿ 5 ಕಳೆದು 2 ಲಕ್ಷ ಕೊಡುತ್ತದೆ. ಶುಗರ್ ಇರುವವರಿಗೆ ಬರುವುದು ಹೆಚ್ಚಾಗಿ ಹೀಗೆ ಬಿಡಿಬಿಡಿಯಾಗಿಯೇ: ಕಾಲಿನ ಗಾಯ, ಸೋಂಕು, ಮತ್ತೆ ಅಡ್ಮಿಷನ್.

ಎರಡು, ಬೇಸ್ ಪಾಲಿಸಿಯ ರೂಮ್ ಮಿತಿ, ಕೋ-ಪೇ, ಕಾಯಿಲೆವಾರು ಮಿತಿ ಟಾಪ್-ಅಪ್‌ಗೂ ಅನ್ವಯಿಸುತ್ತವೆಯೇ? ಆಫೀಸ್ ಮೂಲಕ ಬರುವುದರಲ್ಲಿ ಸಾಮಾನ್ಯವಾಗಿ ಹೌದು. ಹಾಗಿದ್ದರೆ 8 ಲಕ್ಷದ ಕವರ್ ಇದ್ದೂ 3,000ದ ರೂಮಿನಲ್ಲೇ ಇರಬೇಕು.

ಮೂರು, ಕೋ-ಪೇ ಎಲ್ಲಿ ಕಳೆಯುತ್ತಾರೆ? ಬಿ ಪ್ಲ್ಯಾನ್‌ನಲ್ಲೇ ನೋಡಿ. ಒಪ್ಪಿದ ಬಿಲ್ 6 ಲಕ್ಷ. ಮೊದಲು ಶೇ 10 ಕಳೆದರೆ 5.4 ಲಕ್ಷ, ವಿಮಾ ಮೊತ್ತ 5, ಪೂರ್ತಿ 5 ಲಕ್ಷ ಬರುತ್ತದೆ. ಮೊದಲು 5ಕ್ಕೆ ಇಳಿಸಿ ಆಮೇಲೆ ಶೇ 10 ಕಳೆದರೆ 4.5 ಲಕ್ಷ. ಒಂದು ವಾಕ್ಯದ ಕ್ರಮಕ್ಕೆ 50,000 ರೂಪಾಯಿ.

ಜೊತೆಗೆ ಅಮ್ಮನ ಮಂಡಿ. ಕಾಯಿಲೆವಾರು ಮಿತಿಯ ಪಟ್ಟಿ ತರಿಸಿಕೊಳ್ಳಿ, ಅದು ಬೆನಿಫಿಟ್ ಪೋಸ್ಟರಿನಲ್ಲಿ ಇರುವುದಿಲ್ಲ. ಮಂಡಿ ಬದಲಾವಣೆಗೆ ಒಂದು ಕಾಲಿಗೆ ಇಷ್ಟು, ಪೊರೆಗೆ ಒಂದು ಕಣ್ಣಿಗೆ ಇಷ್ಟು ಅಂತ ಇರುತ್ತದೆ. ಹೋಲಿಕೆಗೆ ಅಳತೆಗೋಲು ಬೇಕಿದ್ದರೆ ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವನಿ ಪಾಲಿಸಿ ನೋಡಿ: ಅದರಲ್ಲೂ ಪೊರೆಗೆ ವಿಮಾ ಮೊತ್ತದ ಶೇ 25 ಅಥವಾ 40,000, ಯಾವುದು ಕಮ್ಮಿಯೋ ಅದು. ಕೋ-ಪೇ ಶೇ 5 ಮಾತ್ರ. ರೋಬೋಟ್ ಬಳಸಿ ಮಾಡುವ ಸರ್ಜರಿಗೆ ಬೇರೆಯದೇ ಮಿತಿ ಇರಬಹುದು, ಡಾಕ್ಟರು "ರೋಬೋಟಿಕ್ ಮಾಡೋಣ" ಅಂದಾಗ ಅದನ್ನು ಮೊದಲು ಕೇಳಿ.

ಪೀಣ್ಯ2ನೇಹಂತ

ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಇಎಸ್‌ಐ (ಸರ್ಕಾರದ ಕಾರ್ಮಿಕರ ವಿಮೆ) ಇರೋರಿಗೆ ಏನ್ ಮಾಡೋದು? ಜುಲೈನಲ್ಲಿ ಸಂಬಳ 21 ಸಾವಿರ ದಾಟ್ತು ಅಂದ್ರೆ ಇಎಸ್‌ಐ ಹೋಯ್ತು ಅಂತ ಫ್ಯಾಕ್ಟರಿಯಲ್ಲಿ ಹೇಳ್ತಾರೆ, ಗ್ರೂಪ್ ಪಾಲಿಸಿ ಮುಂದಿನ ಏಪ್ರಿಲ್‌ಗೇ ಅಂತೆ.

ಎಚ್‌ಆರ್‌ಮೇಜು

ಜುಲೈನಲ್ಲೇ ಹೋಗಲ್ಲ ಸರ್. ಇಎಸ್‌ಐ ವಂತಿಗೆ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿ ಶುರುವಾದಾಗ 21,000ದ ಒಳಗಿದ್ದರೆ, ನಡುವೆ ದಾಟಿದರೂ ಸೆಪ್ಟೆಂಬರ್ ಕೊನೆಯವರೆಗೆ ನಿಮ್ಮದು ಶೇ 0.75, ಮಾಲೀಕರದ್ದು ಶೇ 3.25 ಕಟ್ಟಲೇಬೇಕು. ಆ ಅವಧಿಗೆ ಹೊಂದುವ ಸೌಲಭ್ಯದ ಅವಧಿ ಮುಂದಿನ ಜನವರಿಯಿಂದ ಜೂನ್. ಸಂಬಳದ ಚೀಟಿಯಲ್ಲಿ ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೂ ತಿಂಗಳು ಇಎಸ್‌ಐ ಕಟ್ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಅದು ಫ್ಯಾಕ್ಟರಿಯ ತಪ್ಪು, ನಿಮ್ಮದಲ್ಲ. ಆಶ್ರಿತ ತಂದೆ-ತಾಯಿಗೂ ಇಎಸ್‌ಐನಲ್ಲಿ ಚಿಕಿತ್ಸೆ ಇದೆ, ಕೋ-ಪೇ ಇಲ್ಲ, ರೂಮ್ ಮಿತಿಯ ಗೋಜಿಲ್ಲ. ಇಎಸ್‌ಐನ ಪಹಚಾನ್ ಗುರುತಿನ ಕಾರ್ಡಿಗೆ ಅವರ ಹೆಸರು ಸೇರಿಲ್ಲದಿದ್ದರೆ ಈಗಲೇ ಸೇರಿಸಿ.

ಪೀಣ್ಯ2ನೇಹಂತ

ಸರಿ ಸರ್, ನಾಳೆನೇ ಚೀಟಿ ನೋಡ್ತೀನಿ.

ತುಂಗೆಯಾಚೆ

ಪ್ಲ್ಯಾನ್ ಯಾವುದೇ ಇರಲಿ, ಕ್ಲೇಮ್ ಸಿಕ್ಕಿಹಾಕಿಕೊಳ್ಳುವುದು ಇಂಥ ಕಡೆ.

ಹೆಸರು. ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ, ಇ-ಕಾರ್ಡಿನಲ್ಲಿ ಮುಂದೆ, ಪ್ಯಾನ್‌ನಲ್ಲಿ ಅದೇ ಇನಿಶಿಯಲ್ ಬಿಡಿಸಿ ಊರ ಹೆಸರು, ತಂದೆ ಹೆಸರು ಎಲ್ಲ. ನಮ್ಮ ಕಡೆಯ ಹಿರಿಯರದ್ದಂತೂ ಮೂರು ಕಡೆ ಮೂರು ಥರ. ಪೋರ್ಟಲ್‌ನಲ್ಲಿ ಆಧಾರ್‌ನಲ್ಲಿರುವಂತೆಯೇ ಅಕ್ಷರ ಬಿಡದೆ ಹಾಕಿ. ಹುಟ್ಟಿದ ದಿನಾಂಕವೂ ಅಷ್ಟೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಒಂದು ಕಡೆ, ಜಾತಕದ್ದು ಇನ್ನೊಂದು ಕಡೆ ಇದ್ದರೆ ಪ್ರೀ-ಆಥ್ (ಕ್ಯಾಶ್‌ಲೆಸ್‌ಗೆ ಮುಂಗಡ ಒಪ್ಪಿಗೆ) ಅಲ್ಲೇ ನಿಲ್ಲುತ್ತದೆ.

ಹಿಸ್ಟರಿ. ಅಡ್ಮಿಷನ್ ವೇಳೆ ಡ್ಯೂಟಿ ಡಾಕ್ಟರು "ಶುಗರ್ ಎಷ್ಟು ವರ್ಷದಿಂದ?" ಅಂತ ಕೇಳಿದಾಗ ಜೊತೆಗೆ ಬಂದ ಅಳಿಯನೋ ಪಕ್ಕದ ಮನೆಯವರೋ "ಹತ್ತು-ಹದಿನೈದು ವರ್ಷ ಆಗಿರ್ಬೋದು" ಅಂದುಬಿಡುತ್ತಾರೆ. ಕೇಸ್ ಶೀಟ್‌ನಲ್ಲಿ ಅದು 15 ವರ್ಷ ಅಂತ ಕೂರುತ್ತದೆ. ಗ್ರೂಪ್ ಪಾಲಿಸಿಯಲ್ಲಿ ಇದರಿಂದ ತೊಂದರೆ ಇಲ್ಲ. ಆದರೆ ಸ್ವಂತ ಪಾಲಿಸಿಯ ಅರ್ಜಿಯಲ್ಲಿ 6 ವರ್ಷ ಅಂತ ಬರೆದಿದ್ದರೆ, ಮುಚ್ಚಿಟ್ಟಿದ್ದೀರಿ ಅಂತ ತಿರಸ್ಕರಿಸಲು ಆ ಒಂದು ಸಾಲು ಸಾಕು. ಮೊದಲ ಬಾರಿ ಶುಗರ್ ಪತ್ತೆಯಾದ ಚೀಟಿ ಇದ್ದರೆ ಅದರ ಫೋಟೋ ಮನೆಯವರೆಲ್ಲರ ಫೋನಿನಲ್ಲಿರಲಿ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ ವಂಚನೆ ಅಂತ ಸಾಬೀತು ಮಾಡದೆ ಈ ನೆಪ ಹೂಡುವಂತಿಲ್ಲ, ಅಲ್ಲಿಯವರೆಗೆ ಜಾಗ್ರತೆ.

ಬರೀ ಪರೀಕ್ಷೆಗೆ ಅಡ್ಮಿಷನ್. "ಒಂದು ದಿನ ಇಟ್ಟು ಎಲ್ಲ ಟೆಸ್ಟ್ ಮಾಡಿಬಿಡೋಣ, ಇನ್ಶೂರೆನ್ಸ್ ಇದೆಯಲ್ಲ" ಅನ್ನುವ ಸಲಹೆಗೆ ತಲೆಯಾಡಿಸಬೇಡಿ. ಮಲಗಿಸಿ ಮಾಡಬೇಕಾದ ಚಿಕಿತ್ಸೆ ಇಲ್ಲದಿದ್ದರೆ ಪೂರ್ತಿ ಬಿಲ್ ನಿಮ್ಮ ತಲೆಗೆ.

ಡಿಸ್ಚಾರ್ಜ್. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆ, ಕೊನೆಯ ಬಿಲ್ ಹೋದ ಮೇಲೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು ಅಂತ 2024ರ ಮೇ ತಿಂಗಳ ಸುತ್ತೋಲೆ ಇದೆ. ತಡವಾಗಿ ಆಸ್ಪತ್ರೆ ಹೆಚ್ಚುವರಿ ಬಾಡಿಗೆ ಹಾಕಿದರೆ ಅದನ್ನು ಇನ್ಶೂರೆನ್ಸ್ ಕಂಪನಿ ಭರಿಸಬೇಕು. ಆದರೆ ಗಡಿಯಾರ ಶುರುವಾಗುವುದು ಬಿಲ್ ಹೋದಾಗ, ಡಾಕ್ಟರು "ಮನೆಗೆ ಹೋಗಬಹುದು" ಅಂದಾಗ ಅಲ್ಲ. ಆ ನಡುವೆ ಫಾರ್ಮಸಿ ರಿಟರ್ನ್, ಡಿಸ್ಚಾರ್ಜ್ ಸಮ್ಮರಿ ಟೈಪಿಂಗ್‌ಗೇ ಅರ್ಧ ದಿನ ಹೋಗುತ್ತದೆ. ಹಿಂದಿನ ಸಂಜೆಯೇ ಸಮ್ಮರಿ ತಯಾರು ಮಾಡಲು ಹೇಳಿ.

ದುಡ್ಡು ಕಟ್ಟಿ ಆಮೇಲೆ ಕ್ಲೇಮ್ ಮಾಡುವುದಾದರೆ: ಕ್ಲೇಮ್ ಫಾರಂ ಭಾಗ ಎ ನೀವು, ಭಾಗ ಬಿ ಆಸ್ಪತ್ರೆ ತುಂಬಬೇಕು. ಡಿಸ್ಚಾರ್ಜ್ ಸಮ್ಮರಿ, ಬಿಡಿಬಿಡಿಯಾಗಿ ವಿವರಿಸಿದ ಬಿಲ್, ಹಣ ಕಟ್ಟಿದ ರಸೀದಿ, ಪ್ರತಿ ಔಷಧಿ ಬಿಲ್ಲಿಗೂ ಡಾಕ್ಟರ ಚೀಟಿ, ಪ್ರತಿ ಟೆಸ್ಟ್ ಬಿಲ್ಲಿಗೂ ರಿಪೋರ್ಟ್, ಇಂಪ್ಲಾಂಟ್ ಹಾಕಿದ್ದರೆ ಅದರ ಸ್ಟಿಕ್ಕರ್ ಮತ್ತು ಇನ್‌ವಾಯ್ಸ್, ರದ್ದು ಮಾಡಿದ ಚೆಕ್. ಸ್ಟಿಕ್ಕರನ್ನೇ ಜನ ಮರೆಯುವುದು, ಮತ್ತೆ ತರಿಸುವಷ್ಟರಲ್ಲಿ ತಿಂಗಳು.

ಎಚ್‌ಆರ್‌ಮೇಜು

ಬೆಣ್ಣೆದೋಸೆ ಅವರು "ತಕರಾರಿಲ್ಲ" ಅಂದ 5 ಲಕ್ಷದ ಕಡೆಯೂ ಒಮ್ಮೆ ಕಣ್ಣು ಹಾಯಿಸಿ. ಏರಿದ ಖರ್ಚು ಅಲ್ಲೂ ಸದ್ದಿಲ್ಲದೆ ನುಸುಳಿರಬಹುದು: ಹೆರಿಗೆ ಮಿತಿ ಇಳಿದಿರಬಹುದು, ರೂಮ್ ಮಿತಿ ಹೊಸದಾಗಿ ಬಂದಿರಬಹುದು. ಹುಟ್ಟಿದ ಮಗುವನ್ನು, ಮದುವೆಯಾದ ಸಂಗಾತಿಯನ್ನು ಸೇರಿಸಲು ಸಾಮಾನ್ಯವಾಗಿ 30 ದಿನ ಮಾತ್ರ ಕೊಡುತ್ತಾರೆ, ತಪ್ಪಿದರೆ ಮುಂದಿನ ರಿನ್ಯೂವಲ್. ಕಾರ್ಪೊರೇಟ್ ಬಫರ್ ಅಂತ ಒಂದು ಪೊಟ್ಟಣ ಇರುತ್ತದೆ, ವಿಮಾ ಮೊತ್ತ ಮುಗಿದವರಿಗೆ ಕಂಪನಿ ಒಪ್ಪಿ ಕೊಡುವಂಥದ್ದು. ಪೇರೆಂಟ್‌ಗಳಿಗೆ ಅದು ಸಿಗುತ್ತದೆಯೇ, ಗಂಭೀರ ಕಾಯಿಲೆಗೆ ಮಾತ್ರವೇ, ಕೇಳಿ ಇಟ್ಟುಕೊಳ್ಳಿ.

9,000 ಕೊಟ್ಟರೆ 10,000ದ ಒಪಿಡಿ (ಅಡ್ಮಿಟ್ ಆಗದೆ ತೋರಿಸುವ ಖರ್ಚು) ಅನ್ನುವ ಆಯ್ಕೆ ಕಂಡರೆ ಮುಂದೆ ಹೋಗಿ, ಅದು ವಿಮೆ ಅಲ್ಲ, ಕೂಪನ್.

ಹೆಂಡತಿಯೂ ಕೆಲಸದಲ್ಲಿದ್ದರೆ ಅವರ ಆಫೀಸಿನಲ್ಲಿ ಅತ್ತೆ-ಮಾವನನ್ನು ಸೇರಿಸುವ ಅವಕಾಶ ಇದೆಯೇ ನೋಡಿ. ಅಲ್ಲಿ ಕೋ-ಪೇ ಕಮ್ಮಿ ಇರಬಹುದು. ಒಬ್ಬರ ತಾಯಿ, ಇನ್ನೊಬ್ಬರ ತಂದೆ ಅಂತ ಬೆರೆಸಲು ಹೆಚ್ಚಿನವರು ಬಿಡುವುದಿಲ್ಲ, ಜೋಡಿಯಾಗಿಯೇ ಸೇರಿಸಬೇಕು. ಎರಡೂ ಕಡೆ ಕವರ್ ಇದ್ದರೆ ಮೊದಲನೆಯದರಲ್ಲಿ ಕಡಿತವಾದದ್ದನ್ನು, ಸೆಟಲ್‌ಮೆಂಟ್ ಪತ್ರ ಮತ್ತು ದೃಢೀಕೃತ ಪ್ರತಿ ಲಗತ್ತಿಸಿ ಎರಡನೆಯದರಲ್ಲಿ ಕೇಳಬಹುದು.

ಕೆಲಸ ಬದಲಿಸುವ ಯೋಚನೆ ಇದ್ದರೆ ಕಡೇ ಕೆಲಸದ ದಿನದ ಮೊದಲೇ ಅದೇ ಇನ್ಶೂರೆನ್ಸ್ ಕಂಪನಿಗೆ ವೈಯಕ್ತಿಕ ಪಾಲಿಸಿಗೆ ಬದಲಾಯಿಸಲು ಅರ್ಜಿ ಹಾಕಿ. ಗ್ರೂಪ್‌ನಲ್ಲಿ ಕಳೆದ ವರ್ಷಗಳು ವೇಟಿಂಗ್ ಪೀರಿಯಡ್‌ಗೆ ಲೆಕ್ಕಕ್ಕೆ ಬರುತ್ತವೆ. ಪ್ರೀಮಿಯಂ ಮಾತ್ರ ಅವರ ಹೊಸ ದರದ್ದು, ಆರೋಗ್ಯ ನೋಡಿ ಒಪ್ಪುವ ಹಕ್ಕೂ ಅವರದ್ದು. ಪ್ರೀಮಿಯಂನ ಉಳಿದ ಕಂತುಗಳನ್ನು ನಿಮ್ಮ ಕಂಪನಿ ಕೊನೆಯ ಸೆಟಲ್‌ಮೆಂಟ್‌ನಲ್ಲಿ ಒಟ್ಟಿಗೆ ಹಿಡಿಯುವುದೂ ಉಂಟು.

ಸುಮ್ನೆಓದುಗ

ಎಫ್‌ಡಿ ಮಾತು ವಾಪಸ್ ತಗೊಂಡೆ. ಕ್ಲೇಮ್ ರಿಜೆಕ್ಟ್ ಆದ್ರೆ ಯಾರ ಹತ್ರ ಹೋಗೋದು, ಎಚ್‌ಆರ್ ಹತ್ರನಾ?

ಕ್ಲೇಮ್‌ಕಣ್ಣು

ಮೊದಲು ಎಚ್‌ಆರ್ ಮತ್ತು ಬ್ರೋಕರ್, ಏಕೆಂದರೆ ರಿನ್ಯೂವಲ್ ಹತ್ತಿರದಲ್ಲಿ ಅವರ ಮಾತಿಗೆ ತೂಕ ಜಾಸ್ತಿ. ಜೊತೆಗೇ ಇನ್ಶೂರೆನ್ಸ್ ಕಂಪನಿಯ ಗ್ರೀವೆನ್ಸ್ ವಿಭಾಗಕ್ಕೆ ಬರೆಯಿರಿ, ಟಿಪಿಎಗೆ ಬರೆದದ್ದು ದೂರು ಅಂತ ಲೆಕ್ಕಕ್ಕಿಲ್ಲ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಲೋಕಪಾಲರ (ಇನ್ಶೂರೆನ್ಸ್ ಓಂಬುಡ್ಸ್‌ಮನ್) ಕಚೇರಿ. ಕರ್ನಾಟಕಕ್ಕೆ ಅದು ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಗ್ರೂಪ್ ಪಾಲಿಸಿಯ ದೂರೂ ನಡೆಯುತ್ತದೆ, 50 ಲಕ್ಷದವರೆಗೆ, ಶುಲ್ಕ ಇಲ್ಲ, ವಕೀಲರು ಬೇಡ. ಪಾಲಿಸಿಯ ಪೂರ್ತಿ ಪ್ರತಿ ಬೇಕಾಗುತ್ತದೆ. ನೌಕರರ ಹತ್ತಿರ ಇರುವುದು ಇ-ಕಾರ್ಡ್ ಮಾತ್ರ, ಆದ್ದರಿಂದ ಷರತ್ತಿನ ಪ್ರತಿ ಈಗಲೇ ಕೇಳಿ ಪಡೆಯಿರಿ.

ಬೆಣ್ಣೆದೋಸೆ

ಎಚ್‌ಆರ್ ಉತ್ತರ ಬಂತು. ಟಾಪ್-ಅಪ್ ಬರೀ ಟಾಪ್-ಅಪ್, ಸೂಪರ್ ಅಲ್ಲ, ಬೇಸ್‌ನ ಷರತ್ತೆಲ್ಲ ಅದಕ್ಕೂ ಅನ್ವಯ. ಬಿಟ್ಟರೆ ಎರಡು ವರ್ಷ ಮರಳಿ ಸೇರುವಂತಿಲ್ಲ. ಮಂಡಿ ಬದಲಾವಣೆಗೆ ಎ ಪ್ಲ್ಯಾನ್‌ನಲ್ಲಿ ಒಂದು ಕಾಲಿಗೆ 1.25 ಲಕ್ಷದ ಮಿತಿ, ಬಿಯಲ್ಲಿ ಮಿತಿ ಇಲ್ಲ. ಹಾಗಾಗಿ ಬಿ, ಟಾಪ್-ಅಪ್ ಬೇಡ, ಹೊರಗಡೆ 5 ಲಕ್ಷದ ಮೇಲಿನ ಸೂಪರ್ ಟಾಪ್-ಅಪ್‌ಗೆ ಅರ್ಜಿ. ಕೋ-ಪೇ ಕ್ರಮದ ಪ್ರಶ್ನೆಗೆ ಮಾತ್ರ "ಪಾಲಿಸಿ ಪ್ರಕಾರ" ಅಂತ ಬರೆದಿದ್ದಾರೆ.

ಕ್ಲೇಮ್‌ಕಣ್ಣು

ಅದು ಉತ್ತರ ಅಲ್ಲ. 6 ಲಕ್ಷದ ಉದಾಹರಣೆ ಹಾಕಿ, 5 ಬರುತ್ತದೋ 4.5 ಬರುತ್ತದೋ ಅಂತ ಮತ್ತೆ ಕೇಳಿ. ಪೋರ್ಟಲ್ ಮುಚ್ಚಲು ಇನ್ನೂ ದಿನ ಇದೆಯಲ್ಲ.